ನಾನು ಕೊಡದ ರಾಜೀನಾಮೆ

ಯಲಹಂಕದ ಆಚೆ ಒಂದು ಮ್ಯಾನೇಜ್‌ಮೆಂಟ್ ಕಾಲೇಜಿನಲ್ಲಿ ನಾನು ಬಹಳ ವರ್ಷಗಳಿಂದ ಪಾಠ ಹೇಳುತ್ತಿದ್ದೇನೆ. ಸಂಸ್ಥೆಗಳ ಒಳಗೆ ಜನ ಹೇಗೆ ಮಾತಾಡಿಕೊಳ್ಳುತ್ತಾರೆ ಎಂಬುದು ನನ್ನ ವಿಷಯ. ಮೇಲಿನವರು ಕೆಳಗಿನವರಿಗೆ ಏನು ಹೇಳುತ್ತಾರೆ, ಕೆಳಗಿನವರು ಮೇಲಿನವರಿಂದ ಏನನ್ನು ಮುಚ್ಚಿಡುತ್ತಾರೆ, ಅಕ್ಕಪಕ್ಕದ ಕುರ್ಚಿಯವರು ಊಟದ ಹೊತ್ತಿಗೆ ಏನು ಪಿಸುಗುಡುತ್ತಾರೆ ಎಂಬುದನ್ನೆಲ್ಲ ಕುರಿತು ಬಲ್ಲವರು ಕಟ್ಟಿದ ಸಿದ್ಧಾಂತಗಳನ್ನು ಹೇಳಿಕೊಡಬೇಕು. ನನ್ನ ಅಕ್ಕ ಗದಗಿನಿಂದ ಫೋನ್ ಮಾಡಿದಾಗಲೆಲ್ಲ, "ಮಾತಾಡೂದನ್ನೂ ಕಲಿಸಬೇಕೇನ ನಿಮ್ಮ ಬೆಂಗಳೂರಾಗ?" ಎಂದು ನಗುತ್ತಾಳೆ.

ಅಂದು ಊಟವಾದ ಮೇಲಿನ ಮೊದಲ ತರಗತಿ. ಹಲಗೆಯ ಮೇಲೆ ಹೇಳುವವರು, ಮಾತು, ಕೇಳುವವರು ಎಂದು ಬರೆದು ನಡುವೆ ಬಾಣಗಳನ್ನು ಎಳೆದಿದ್ದೆ. ಬಾಣದ ಮೇಲೆ ಗದ್ದಲ ಎಂದು ಬರೆಯುವ ಹೊತ್ತಿಗೇ ವಾಯುನೆಲೆಯಿಂದ ಒಂದು ವಿಮಾನ ತಲೆಯ ಮೇಲೆ ಹಾದುಹೋಯಿತು. ಮಕ್ಕಳು ನಕ್ಕರು. ನಾನೂ ನಕ್ಕೆ.

"ಇದು ಎಲ್ಲಕ್ಕಿಂತ ಹಳೇ ನೋಟ. ಸಂಸ್ಥೆ ಅನ್ನೋದು ಒಂದು ಪಾತ್ರೆ, ಮಾತು ಅದ್ರೊಳಗೆ ಹರಿಯೋ ನೀರು ಅಂತ ಆಗ ತಿಳ್ಕೊಂಡಿದ್ರು. ಆಮೇಲೆ ಬಂದವರು ಇದನ್ನ ಒಪ್ಪಲಿಲ್ಲ. ಜನ ಆಡೋ ಮಾತೇ ಸಂಸ್ಥೆಯನ್ನ ಕಟ್ಟುತ್ತೆ, ಎಲ್ರೂ ಸೇರಿ ಹೌದು ಅಂದಿದ್ದೇ ಅಲ್ಲಿ ನಿಜ ಆಗುತ್ತೆ ಅಂದ್ರು. ಅದನ್ನ ಮುಂದಿನ ವಾರ ನೋಡೋಣ," ಎಂದೆ.

ಮೊದಲ ಸಾಲಿನ ಹುಡುಗಿ ಕೈ ಎತ್ತಿದಳು. "ಮೇಡಂ, ಅದನ್ನ ನೀವೇ ತಗೋತೀರಾ, ಇಲ್ಲಾ ಹೊಸ ಮೇಡಂ ಬಂದು ಮಾಡ್ತಾರಾ?"

"ಯಾವ ಹೊಸ ಮೇಡಂ?"

"ನೀವು ಹೋದ್ಮೇಲೆ ಬರ್ತಾರಲ್ಲ ಮೇಡಂ, ಅವ್ರು."

"ನಾನು ಎಲ್ಲಿಗೆ ಹೋಗ್ತಿದ್ದೀನಿ?"

ಪಕ್ಕದವಳು ಆ ಹುಡುಗಿಯ ತೋಳು ಚಿವುಟಿದ್ದು ನನಗೆ ಕಾಣಿಸಿತು. ಹಿಂದಿನ ಸಾಲಿನಲ್ಲಿ ಯಾರೋ ತಲೆ ತಗ್ಗಿಸಿದರು. "ಸಾರಿ ಮೇಡಂ, ಫೇರ್‌ವೆಲ್ ಸರ್ಪ್ರೈಸ್ ಅಂತ ಗೊತ್ತಿರ್ಲಿಲ್ಲ," ಎಂದು ಹುಡುಗಿ ಅಳುವಂತಾದಳು.

ಸೀಮೆಸುಣ್ಣ ಕೈಯಲ್ಲೇ ಉಳಿಯಿತು. ಉಳಿದ ಪಾಠ ಹೇಗೆ ಮುಗಿಸಿದೆನೋ ತಿಳಿಯದು. ಗಂಟೆ ಹೊಡೆದ ಕೂಡಲೇ ಸೀದಾ ಪ್ರಿನ್ಸಿಪಾಲರ ಕೋಣೆಗೆ ಹೋದೆ.

ಅವರು ಎದ್ದು ನಿಂತರು. ನಾನು ಬಂದರೆ ಅವರು ಎಂದೂ ಎದ್ದು ನಿಂತವರಲ್ಲ. "ಬನ್ನಿ ಮೇಡಂ, ಕೂತ್ಕೊಳಿ. ನೀವಿಲ್ದೆ ಡಿಪಾರ್ಟ್‌ಮೆಂಟ್ ಹೆಂಗೆ ಅಂತಾನೇ ಯೋಚ್ನೆ ನಮಗೆ," ಎಂದರು.

"ಸರ್, ನಾನು ಕೆಲಸ ಬಿಡ್ತಿದ್ದೀನಿ ಅಂತ ನಿಮಗೆ ಯಾರು ಹೇಳಿದ್ದು?"

"ಎಲ್ರಿಗೂ ಗೊತ್ತಲ್ಲ ಮೇಡಂ."

"ನನಗೆ ಗೊತ್ತಿಲ್ಲ ಸರ್. ನಾನು ರಾಜೀನಾಮೆ ಕೊಟ್ಟಿಲ್ಲ. ಕೊಡೋ ಯೋಚನೆಯೂ ಇಲ್ಲ."

ಅವರ ಮುಖದಲ್ಲಿ ಸಮಾಧಾನ ಕಾಣಬಹುದೆಂದು ಕಾದೆ. ಕಂಡದ್ದು ಪೇಚಾಟ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹೊಸ ಲೆಕ್ಚರರ್ ಆಯ್ಕೆಯಾಗಿದೆ, ಆಕೆ ತುಮಕೂರಿನ ಕೆಲಸ ಬಿಟ್ಟು ಬಾಗಲಗುಂಟೆಯಲ್ಲಿ ಮನೆಯನ್ನೂ ಹಿಡಿದಾಗಿದೆ, ಸೋಮವಾರ ಬಂದು ಸೇರಿಕೊಳ್ಳುತ್ತಾಳೆ, ಶನಿವಾರ ನನಗೆ ಬೀಳ್ಕೊಡುಗೆ ಎಂದು ಊಟಕ್ಕೂ ಹೇಳಿಯಾಗಿದೆ ಎಂದು ಒಂದೊಂದಾಗಿ ಹೊರಬಂತು.

"ನನ್ನನ್ನ ಒಂದು ಮಾತು ಕೇಳಬಹುದಿತ್ತಲ್ಲ ಸರ್?"

"ಛೇರ್ಮನ್ ಸಾಹೇಬ್ರೇ ಹೇಳಿದ್ಮೇಲೆ ನಾನು ನಿಮ್ಮನ್ನ ಕೇಳೋದು ಹೆಂಗೆ ಮೇಡಂ? ಅವರ ಮಾತನ್ನ ಪರೀಕ್ಷೆ ಮಾಡ್ದಂಗೆ ಆಗಲ್ವಾ? ಲೆಟರ್ ನೀವಾಗಿ ಕೊಡ್ತೀರ, ಕೇಳಿ ನೋಯಿಸೋದು ಬೇಡ ಅಂತ ಸುಮ್ನಿದ್ದೆ." ಕನ್ನಡಕ ಮತ್ತೆ ಹಾಕಿಕೊಂಡು ಮೆಲ್ಲಗೆ ಸೇರಿಸಿದರು: "ಯಾವುದಕ್ಕೂ ನೀವು ಇನ್ನೊಂದ್ ಸಲ ಯೋಚ್ನೆ ಮಾಡಿ."

ಕೆಲಸ ಬಿಡದೇ ಇರುವುದರ ಬಗ್ಗೆ ನಾನು ಮರುಯೋಚನೆ ಮಾಡಬೇಕಿತ್ತು! ಹೊರಗೆ ಬಂದವಳು ಕಾರಿಡಾರಿನ ಕಿಟಕಿ ಹಿಡಿದು ನಿಂತೆ. ಎದುರು ಬಂದ ಸಹೋದ್ಯೋಗಿಗಳು ನನ್ನನ್ನು ನೋಡಿ, ಆಸ್ಪತ್ರೆಯಲ್ಲಿ ರೋಗಿಯ ಕಡೆಯವರನ್ನು ನೋಡುವ ಹಾಗೆ ತುಟಿಯಂಚಿನಲ್ಲಿ ನಕ್ಕು ಮುಂದೆ ಹೋದರು. ಇವರೆಲ್ಲ ಎಷ್ಟು ದಿನದಿಂದ ಹೀಗೆ ನಗುತ್ತಿದ್ದರು? ನನಗೆ ಒಂದೂ ಕಂಡಿರಲಿಲ್ಲವೇ?

ಸಂಜೆ ಅಲ್ಲಾಳಸಂದ್ರದ ಮನೆಗೆ ಬಂದಾಗ ನಮ್ಮ ಯಜಮಾನರು ಆಗಲೇ ಬಂದು, ಅಡುಗೆಮನೆಯಲ್ಲಿ ನಿಂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದರು. ಅವರು ಯಶವಂತಪುರದ ಕಡೆ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ನಾವಿಬ್ಬರೂ ಗದಗಿನ ಕಡೆಯವರು. ಅವರದು ಮಾತು ಕಡಿಮೆ, ನಾನು ಅವರ ಪಾಲಿನದನ್ನೂ ಆಡುವವಳು. ಕಾಲೇಜಿನಲ್ಲಿ ಬೆಂಗಳೂರು ಕನ್ನಡ ಆಡುವ ನನ್ನ ನಾಲಿಗೆ ಮನೆಯ ಹೊಸ್ತಿಲು ದಾಟಿದೊಡನೆ ಊರ ಕನ್ನಡಕ್ಕೆ ತಿರುಗುತ್ತದೆ.

"ಕೇಳಿದ್ರೇನ್ರಿ ಇದನ್ನ? ನಾ ಕೆಲಸ ಬಿಡಾಕತ್ತೀನಂತ ಕಾಲೇಜಿನಾಗ ಎಲ್ಲಾರೂ ಅನ್ನಾಕತ್ತಾರ!" ಎಂದೆ.

ಅವರ ಕೈ ನಿಂತಿತು. ತಿರುಗಿ ನನ್ನನ್ನು ನೋಡಿದರು. "ಅಂದ್ರ, ನೀ ಬಿಡಾಕತ್ತಿಲ್ಲ?"

ಮೊದಲು ನನಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಳಿತುಬಿಟ್ಟೆ. ನಮ್ಮ ಕಾಲೇಜಿನ ಆಫೀಸಿನ ಗುಮಾಸ್ತರೊಬ್ಬರು ನಮ್ಮ ಬೀದಿಯಲ್ಲೇ ಇದ್ದಾರೆ. ಕೆರೆಯ ಸುತ್ತ ಬೆಳಗಿನ ನಡಿಗೆಯಲ್ಲಿ ಅವರು ಇವರಿಗೆ, "ಏನ್ ಸಾರ್, ಮೇಡಂ ಬಿಡ್ತಿದ್ದಾರಂತೆ, ಊರ್ ಕಡೆ ಹೊರಟ್ರಾ?" ಎಂದು ಕೇಳಿದ್ದರಂತೆ. ಆಗಿ ಎರಡು ವಾರದ ಮೇಲಾಗಿತ್ತು.

"ನನಗ ಯಾಕ ಕೇಳಲಿಲ್ಲ ನೀವು?"

"ಹೇಳಬೇಕಂದಾಗ ಹೇಳತಾಳ ಬಿಡು ಅಂದ್ಕೊಂಡೆ."

"ಎರಡು ವಾರ! ಒಂದ ಮನ್ಯಾಗ ಇದ್ದು!"

ಅವರು ಮತ್ತೆ ಮೆಣಸಿನಕಾಯಿಗೆ ಕೈ ಹಾಕಿದರು. ಆಮೇಲೆ ಗೋಡೆಗೆ ಹೇಳುವಂತೆ, "ನಮ್ಮ ತಮ್ಮಗ ಹೇಳಿಬಿಟ್ಟೆ. ಊರಾಗ ಒಂದು ಬಾಡಿಗಿ ಮನಿ ನೋಡಿಡು ಅಂತ," ಎಂದರು.

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಈ ಎರಡು ವಾರ ಅವರು ಎಂದಿಗಿಂತ ಗೆಲುವಾಗಿದ್ದರು. ಒಂದು ದಿನ ಅಂಗಳದಲ್ಲಿ ಗಾಡಿ ಒರೆಸುತ್ತ ಹಾಡು ಗುನುಗಿದ್ದನ್ನೂ ಕೇಳಿದ್ದೆ. ಮಂಡಿನೋವು ಕಡಿಮೆಯಾಗಿರಬೇಕು ಎಂದುಕೊಂಡಿದ್ದೆ. ಊರಿಗೆ ಹೋಗುವ ಆಸೆ ಅವರಿಗಿದೆ ಎಂಬ ಸಂಗತಿಯೇ ನನಗೆ ಗೊತ್ತಿರಲಿಲ್ಲ. ಆ ಹೊತ್ತಿನಲ್ಲಿ ಅದನ್ನು ಕೆದಕುವ ಧೈರ್ಯ ನನಗಾಗಲಿಲ್ಲ. ಎದ್ದು ತಟ್ಟೆ ಹಾಕಿದೆ.

ಮರುದಿನ ಬೆಳಿಗ್ಗೆ ಜಕ್ಕೂರಿಗೆ, ಛೇರ್ಮನ್ನರ ಮನೆಗೆ ಹೋದೆ. ಅವರದು ಅಲ್ಲಿಯ ಹಳೆಯ ಒಕ್ಕಲು ಮನೆತನ. ಹೊಲಗಳಿದ್ದ ಕಡೆ ಈಗ ಅಪಾರ್ಟ್‌ಮೆಂಟುಗಳಿವೆ. ಅವುಗಳಲ್ಲಿ ಒಂದೆರಡನ್ನು ಅವರೇ ಕಟ್ಟಿಸಿದ್ದು. ಅವರು ಮಾತ್ರ ಊರೊಳಗಿನ ಹಳೇ ಮನೆಯನ್ನು ಬಿಟ್ಟಿಲ್ಲ. ಜಗಲಿಯ ಮೇಲೆ ಬನಿಯನ್ನು ತೊಟ್ಟು ಕೂತು ಪೇಪರ್ ಓದುತ್ತಿದ್ದರು.

"ಬನ್ನಿ ಮೇಡಮ್ಮೋರೆ, ಕೂತ್ಕಳಿ. ಏಳ್ಕಳಿಸಿದ್ರೆ ನಾನೇ ಬರ್ತಿದ್ನಲ್ಲ. ಓಗೋ ಮುಂಚೆ ಬಂದ್ ಏಳಿ ಓಗ್ತಿದ್ದೀರಲ್ಲ, ಒಳ್ಳೇದಾಯ್ತು," ಎಂದರು.

"ಸರ್, ನಾನು ಎಲ್ಲೂ ಹೋಗ್ತಿಲ್ಲ. ನಾನು ಬಿಡ್ತೀನಿ ಅಂತ ನಿಮಗೆ ಹೇಳಿದ್ದು ಯಾರು?"

"ಯಾರು ಅಂದ್ರೆ? ಪ್ರಿನ್ಸಿಪಾಲ್ರೇ ಏಳಿದ್ದು ಕಣಮ್ಮ."

"ಅವರು ನೀವು ಹೇಳಿದ್ರಿ ಅಂತಾರೆ."

ಪೇಪರನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡು ಅವರು ನೆನಪು ಮಾಡಿಕೊಂಡರು. "ಅವ್ರು ಬಂದು, 'ಮೇಡಮ್ಮೋರು ಓಯ್ತಾರಂತಲ್ಲ ಸಾರ್' ಅಂದ್ರು. ನಾನು, 'ಔದಾ, ಸರಿ, ಬ್ಯಾರೆಯೋರ್ನ ನೋಡಿ' ಅಂದೆ. ಅಷ್ಟೇಯ."

ಪ್ರಿನ್ಸಿಪಾಲರು ಗಾಳಿಸುದ್ದಿಯನ್ನು ಕೇಳಿ, ನಿಜವೇ ಎಂದು ತಿಳಿಯಲು ಹೋಗಿದ್ದರು. ನೇರವಾಗಿ ಕೇಳುವುದು ಮರ್ಯಾದೆಯಲ್ಲವೆಂದು ಸುತ್ತಿ ಬಳಸಿ ಆಡಿದ್ದರು. ಛೇರ್ಮನ್ನರಿಗೆ ಅದು ಸುದ್ದಿಯಂತೆ ಕೇಳಿಸಿತು. ಅವರ 'ಸರಿ' ಎಂಬ ಮಾತು ಪ್ರಿನ್ಸಿಪಾಲರಿಗೆ ಅಪ್ಪಣೆಯಂತೆ ಕೇಳಿಸಿತು. ಇಬ್ಬರೂ ಸುಳ್ಳು ಹೇಳಿರಲಿಲ್ಲ. ಅವರಿಬ್ಬರ ನಡುವೆ, ಚಹಾ ಆರುವಷ್ಟರೊಳಗೆ, ನನ್ನ ಇಷ್ಟು ವರ್ಷಗಳ ನೌಕರಿ ಮುಗಿದುಹೋಗಿತ್ತು.

"ನೀವಾದ್ರೂ ಒಂದು ಫೋನ್ ಮಾಡಿ ಕೇಳಬಹುದಿತ್ತು ಸರ್. ಇಷ್ಟು ವರ್ಷದ ಪರಿಚಯ."

"ತಪ್ ತಿಳ್ಕೋಬ್ಯಾಡಿ ಕಣಮ್ಮ. ನೀವು ಆ ಕಡೆಯೋರು. ಇವತ್ತಲ್ಲ ನಾಳೆ ನಿಮ್ಮೂರ್ಗೆ ಓಗೋರೇ ಅಂತ ಮೊದ್ಲಿಂದ್ಲೂ ಮನಸ್ನಾಗೆ ಇತ್ತು. ಓಗೋರ್ನ ಇಡ್ಕೊಳಕ್ಕಾಯ್ತದಾ?"

ಅವರ ದನಿಯಲ್ಲಿ ಕೆಡುಕಿರಲಿಲ್ಲ, ಅಕ್ಕರೆಯೇ ಇತ್ತು. ಅದಕ್ಕೇ ಏಟು ಹೆಚ್ಚು ಬಿತ್ತು. ಈಗ ಮದುವೆಯಾಗಿ ಹೋಗಿರುವ ನನ್ನ ಮಗಳು ಹುಟ್ಟಿದ್ದು ಹೆಬ್ಬಾಳದಲ್ಲಿ. ನನ್ನ ವೋಟು ಇಲ್ಲಿದೆ, ನನ್ನ ಸಾಲುಮನೆಯ ಬಾಗಿಲಿಗೆ ಕಟ್ಟಿದ ತೋರಣ ಇಲ್ಲಿಯದು. ಆದರೂ ಇವರ ಲೆಕ್ಕದಲ್ಲಿ ನಾನು ಮೊದಲ ದಿನದಿಂದಲೂ ಪೆಟ್ಟಿಗೆ ಕಟ್ಟಿಟ್ಟುಕೊಂಡೇ ಕೂತವಳು. ಗಾಳಿಸುದ್ದಿ ಎಲ್ಲಿ ಬೇಕೆಂದರಲ್ಲಿ ಬೇರು ಬಿಡುವುದಿಲ್ಲ, ಜನ ಮೊದಲೇ ನಂಬಲು ತಯಾರಾಗಿರುವ ಕಡೆ ಮಾತ್ರ ಚಿಗುರುತ್ತದೆ ಎಂದು ನಾನೇ ವರ್ಷವರ್ಷವೂ ಪಾಠ ಹೇಳಿದ್ದೆ. ಆ ನೆಲ ನಾನೇ ಆಗಿರಬಹುದೆಂದು ಎಂದೂ ಹೊಳೆದಿರಲಿಲ್ಲ.

"ಇರಿ, ಎಲ್ಲೂ ಓಗ್ಬ್ಯಾಡಿ. ಆ ಉಡ್ಗೀನೂ ಇರ್ಲಿ, ಪಾಪ, ಕೆಲ್ಸ ಬುಟ್ಟು ಬಂದೈತೆ. ಇಬ್ರೂ ಅಂಚ್ಕೊಂಡು ಮಾಡಿ. ಪ್ರಿನ್ಸಿಪಾಲ್ರಿಗೆ ನಾನ್ ಏಳ್ತೀನಿ," ಎಂದರು.

ಹೋಗಲಿ ಎಂದಷ್ಟೇ ಸುಲಭವಾಗಿ ಇರಲಿ ಎಂದೂ ಅಂದಿದ್ದರು. ನಾನು ನಮಸ್ಕಾರ ಮಾಡಿ ಎದ್ದೆ. ಕೆಲಸ ಉಳಿದಿತ್ತು. ಆದರೆ ಕಾಲೇಜಿನ ದಾರಿಯುದ್ದಕ್ಕೂ ಅದು ನನ್ನದೆಂದೇ ಅನ್ನಿಸಲಿಲ್ಲ.

ಇನ್ನು ಒಬ್ಬಳನ್ನು ಕೇಳುವುದು ಬಾಕಿಯಿತ್ತು. ಅಕೌಂಟ್ಸ್ ಕಲಿಸುವ ಆಕೆ ನನಗಿಂತ ಚಿಕ್ಕವಳು, ನನ್ನನ್ನು ಅಕ್ಕ ಎಂದೇ ಕರೆಯುತ್ತಾಳೆ. ದಿನವೂ ಮಧ್ಯಾಹ್ನ ಒಂದೇ ಮೇಜಿನಲ್ಲಿ ಡಬ್ಬಿ ಬಿಚ್ಚುತ್ತೇವೆ. ನನ್ನ ಜೋಳದ ರೊಟ್ಟಿ ಅವಳಿಗೆ, ಅವಳ ಚಿತ್ರಾನ್ನ ನನಗೆ. ಕೆಲವು ದಿನದಿಂದ ಅವಳು ಸರಿಯಾಗಿ ಮಾತಾಡುತ್ತಿರಲಿಲ್ಲ. ಮನೆಯಲ್ಲಿ ಅತ್ತೆಯ ಕಾಟ ಹೆಚ್ಚಾಗಿರಬೇಕೆಂದು ನಾನು ಸುಮ್ಮನಿದ್ದೆ. ಸ್ಕೂಟರ್ ನಿಲ್ಲಿಸುವ ಕಡೆ, ಹೊಂಗೆಮರದ ಕೆಳಗೆ ಅವಳನ್ನು ತಡೆದೆ.

"ನಾನು ಬಿಡ್ತೀನಿ ಅಂತ ನಿನಗೂ ಗೊತ್ತಿತ್ತಾ?"

ಅವಳ ಕಣ್ಣು ತುಂಬಿತು. "ಎಲ್ರಿಗಿಂತ ಮುಂಚೆ ನಂಗೇ ಗೊತ್ತಾಗಿದ್ದು ಅಕ್ಕಾ. ನೀವಾಗ್ ನೀವೇ ಹೇಳ್ತೀರ ಅಂತ ಕಾದೆ. ನಂಗೂ ಹೇಳ್ಲಿಲ್ವಲ್ಲ ನೀವು!"

"ಏನು ಗೊತ್ತಾಯ್ತು? ಎಲ್ಲಿಂದ ಗೊತ್ತಾಯ್ತು?"

"ನೀವೇ ಫೋನಲ್ಲಿ ನಿಮ್ಮಕ್ಕಂಗೆ ಹೇಳ್ತಿದ್ರಿ, ಮೆಟ್ಟಿಲ ಹತ್ರ ನಿಂತು. ನಾನು ಹಿಂದೆ ಇದ್ದೆ. 'ಸಾಕಾಗೇತಿ, ಈ ತಿಂಗಳ ಮುಗೀಲಿ, ಬಿಟ್ಟಬಿಡತೀನಿ, ಎಷ್ಟ ವರ್ಷ ಅಂತ ಇದನ್ನ ಹಿಡ್ಕೊಂಡು ಕೂಡೂದು' ಅಂದ್ರಿ." ನನ್ನ ಊರಿನ ಮಾತನ್ನು ಅವಳು ತಪ್ಪಿಲ್ಲದೆ ಒಪ್ಪಿಸಿದಳು. ಅಷ್ಟು ಸಲ ಮನಸ್ಸಿನಲ್ಲಿ ತಿರುಗಿಸಿಕೊಂಡಿದ್ದಳು.

ನನಗೆ ನಗು ಬರಬೇಕಿತ್ತು. ಬರಲಿಲ್ಲ. "ಚಹಾ ಕಣೇ," ಎಂದೆ. "ಡಾಕ್ಟರು ಚಹಾ ಬಿಡಿ ಅಂದಿದ್ರು. ಹೊಟ್ಟೆ ಉರಿ ಅಂತ. ಅಕ್ಕನಿಗೆ ಅದನ್ನ ಹೇಳ್ತಿದ್ದೆ."

ಅವಳು ಬಾಯಿ ತೆರೆದು ನಿಂತಳು. ಆಮೇಲೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ತಡೆಯಲಾಗದೆ ಒಬ್ಬರ ಹತ್ತಿರ ಮಾತ್ರ ಅತ್ತುಕೊಂಡಿದ್ದಳಂತೆ, ಯಾರಿಗೂ ಹೇಳಬೇಡಿ ಎಂದು ಆಣೆ ಹಾಕಿಸಿ. ಉಳಿದದ್ದನ್ನು ಕಾಲೇಜು ಮಾಡಿತ್ತು. ನಾನು ಮಾತೇ ಆಡಿರದ ಜನರ ನಡುವೆ ನನ್ನ ಮಾತು ಓಡಾಡಿ, ಎಲ್ಲರೂ ಹೌದೆಂದು, ಹೌದೆಂದದ್ದೇ ನಿಜವಾಗಿ, ಆ ನಿಜಕ್ಕೆ ಒಬ್ಬಳನ್ನು ತುಮಕೂರಿನಿಂದ ಕರೆಸಿಯೂ ಆಗಿತ್ತು.

"ಒಂದ್ ಸಲ ಕೇಳಿದ್ರೆ ಮುಗೀತಿತ್ತಲ್ಲೇ."

"ಕೇಳೋಕೆ ಬೇಜಾರಾಯ್ತು ಅಕ್ಕಾ. ನಾನು ಕೇಳಿ, ನೀವು ಹೂಂ ಅಂದ್ಬಿಟ್ರೆ?"

ಅವಳನ್ನು ತಬ್ಬಿಕೊಂಡೆ. ಬೈಯಲು ಏನೂ ಉಳಿದಿರಲಿಲ್ಲ. ಪ್ರೀತಿಯಿಂದ ಬಾಯಿ ಮುಚ್ಚಿಕೊಂಡವರೇ ನನ್ನ ಸುತ್ತ ತುಂಬಿದ್ದರು.

ಶನಿವಾರದ ಸಮಾರಂಭ ನಿಲ್ಲಲಿಲ್ಲ. ಊಟ ಬಂದಾಗಿತ್ತು, ಶಾಲು ತಂದಾಗಿತ್ತು. ವೇದಿಕೆಯ ಹಿಂದಿನ ಫ್ಲೆಕ್ಸಿನಲ್ಲಿ ನನ್ನ ದೊಡ್ಡ ಫೋಟೋ ಇತ್ತು, ಅದರ ಕೆಳಗಿನ 'ಬೀಳ್ಕೊಡುಗೆ' ಎಂಬ ಪದದ ಮೇಲೆ 'ಸನ್ಮಾನ' ಎಂದು ಬರೆದ ಕಾಗದ ಅಂಟಿಸಿದ್ದರು. ಪ್ರಿನ್ಸಿಪಾಲರು ಮೊದಲೇ ಬರೆದುಕೊಂಡಿದ್ದ ಭಾಷಣವನ್ನೇ ಓದಿದರು. ಓದುತ್ತ ಓದುತ್ತ 'ಇದ್ದರು' ಎಂಬುದನ್ನು 'ಇದ್ದಾರೆ' ಎಂದು ತಿದ್ದಿಕೊಳ್ಳುತ್ತಿದ್ದರು. ಎರಡು ಕಡೆ ಮರೆತರು. ನನ್ನೊಂದಿಗೆ ಎಂದೂ ನಿಂತು ಮಾತಾಡದ ಒಬ್ಬ ಸಹೋದ್ಯೋಗಿ ಎದ್ದು, ತನ್ನ ತಾಯಿ ತೀರಿದ ವಾರ ನಾನು ತನ್ನ ತರಗತಿಗಳನ್ನೆಲ್ಲ ಕೇಳದೆಯೇ ತೆಗೆದುಕೊಂಡಿದ್ದನ್ನು ಇಂದಿಗೂ ನೆನೆಯುತ್ತೇನೆ ಎಂದರು. ನಾನು ಅದನ್ನು ಮರೆತೇಬಿಟ್ಟಿದ್ದೆ. ಸತ್ತವಳ ಬಗ್ಗೆ ಆಡುವ ಮಾತುಗಳನ್ನು ಕೇಳುತ್ತ ಜೀವಂತ ಕುಳಿತಂತಿತ್ತು.

ಸೋಮವಾರ ಸೇರಬೇಕಿದ್ದ ಹೊಸ ಲೆಕ್ಚರರನ್ನೂ ಅಂದೇ ಕರೆಸಿ ನನ್ನ ಪಕ್ಕದಲ್ಲಿ ಕೂರಿಸಿದ್ದರು. ಕೆಲಸ ತುಮಕೂರಿನಲ್ಲಿದ್ದರೂ ಬಾಗಲಕೋಟೆ ಕಡೆಯ ಹುಡುಗಿ. ಗದ್ದಲದ ನಡುವೆ ನನ್ನ ಕಡೆ ಬಾಗಿ, "ಈಗ ಹೆಂಗದೀರಿ ಮೇಡಂ? ನಿಮಗ ಭಾಳ ಆರಾಮ ಇಲ್ಲ, ಅದಕ್ಕ ಬಿಡಾಕತ್ತಾರ ಅಂತ ಇಂಟರ್‌ವ್ಯೂದಾಗ ಹೇಳಿದ್ರು," ಎಂದಳು. ಬಿಡುವುದಕ್ಕೊಂದು ಕಾರಣವೂ ಬೇಕಲ್ಲವೇ, ಗಾಳಿಸುದ್ದಿ ದಾರಿಯಲ್ಲಿ ನನಗೊಂದು ದೊಡ್ಡ ಕಾಯಿಲೆಯನ್ನೂ ಅಂಟಿಸಿತ್ತು. "ನಾ ಗಟ್ಟಿ ಅದೀನವ್ವಾ," ಎಂದೆ. ಕಾಲೇಜಿನ ಒಳಗೆ ನಾನು ಊರ ಕನ್ನಡ ಆಡಿದ್ದು ಬಹಳ ವರ್ಷಗಳ ಮೇಲೆ. ಅವಳ ಮುಖ ಅರಳಿತು.

ಭಾನುವಾರ ಮಧ್ಯಾಹ್ನ, ಊಟವಾದ ಮೇಲೆ, ಯಜಮಾನರ ಎದುರು ಕುಳಿತೆ. ಟಿವಿ ಆರಿಸಿದೆ. ಇನ್ನು ಯಾವುದನ್ನೂ ಊಹಿಸುತ್ತ ಕೂರುವುದು ನನ್ನಿಂದ ಆಗದೆಂದು ತೀರ್ಮಾನಿಸಿದ್ದೆ.

"ನಿಮಗ ಊರಿಗೆ ಹೋಗಬೇಕಂತ ಅನಸತೈತೇನ್ರಿ?"

"ಕೇಳಿದ್ದಕ್ಕ ಹೇಳತೀನಿ. ಅನಸತೈತಿ."

"ಯಾಕ? ಇಲ್ಲಿ ಏನ ಕಡಿಮಿ ಆಗೇತಿ?"

"ಮಾತು," ಎಂದರು.

ನನಗೆ ತಿಳಿಯಲಿಲ್ಲ. ಅವರೇ ಬಿಡಿಸಿ ಹೇಳಿದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಮೀಟಿಂಗಿನಲ್ಲಿ ಎದ್ದು ನಿಂತು, "ಮಷಿನ್ ಕೆಟ್ಟೈತ್ರಿ," ಎಂದಿದ್ದರಂತೆ. ಇಡೀ ಕೋಣೆ ನಕ್ಕಿತಂತೆ. ಅಂದಿನಿಂದ ಅವರಿಗೆ 'ಐತ್ರಿ' ಎಂದೇ ಹೆಸರು ಬಿತ್ತು. ಅವರು ಎದ್ದು ನಿಂತರೆ ಯಾರಾದರೂ ಅಣಕಿಸುವುದು, ಉಳಿದವರು ನಗುವುದು ನಡೆದೇ ಇತ್ತು. ಹಾಗಾಗಿ ಎದ್ದು ನಿಲ್ಲುವುದನ್ನು ಬಿಟ್ಟರು. ಬರಬರುತ್ತ ಆಡುವುದನ್ನೇ ಬಿಟ್ಟರು.

"ಈಗೂ ಹಂಗ ಕರೀತಾರೇನ್ರಿ?"

"ಹೊಸದಾಗಿ ಬಂದ ಹುಡುಗ್ರೂ ಕರೀತಾರ. ಐತ್ರಿ ಸಾರ್, ಐತ್ರಿ ಸಾರ್ ಅಂತ. ಅದ ನನ್ನ ಖರೇ ಹೆಸರು ಅಂತ ತಿಳ್ಕೊಂಡಾರ ಪಾಪ." ಅವರು ಸ್ವಲ್ಪ ನಕ್ಕರು.

"ನನಗ ಒಂದ ದಿನಾನೂ ಹೇಳಲಿಲ್ಲಲ್ರಿ."

"ನೀ ಅಲ್ಲಿ ಅವರಂಗ ಮಾತಾಡಾಕ ಕಲತಿ. ನನಗ ನಾಲಿಗಿ ತಿರುಗಲಿಲ್ಲ. ಅದನ್ನೇನ ನಿನಗ ಹೇಳೂದು."

ಮೌನವೂ ಒಂದು ಸುದ್ದಿ, ಅದನ್ನು ಓದಲು ಕಲಿಯಬೇಕು ಎಂದು ಹಲಗೆಯ ಮೇಲೆ ಬರೆದವಳು ನಾನು. ಮನೆಯಲ್ಲಿ ಅದನ್ನು ಸ್ವಭಾವ ಎಂದುಕೊಂಡಿದ್ದೆ. ಬಂಧುಗಳ ಮುಂದೆ, "ನಮ್ಮವರು ಮೊದಲಿಂದಲೂ ಹಂಗ, ಮಾತು ಕಡಿಮಿ," ಎಂದು ಹೆಮ್ಮೆಯಿಂದಲೇ ಹೇಳಿಕೊಂಡಿದ್ದೆ. ಮದುವೆಯಾದ ಹೊಸದರಲ್ಲಿ ಅವರು ಹಾಗಿದ್ದರೇ ಎಂದು ಅಂದು ನೆನೆಯಲು ಯತ್ನಿಸಿದೆ. ನೆನಪೂ ಆಗಲಿಲ್ಲ.

ಅಂದು ಇಬ್ಬರೂ ಬಹಳ ಹೊತ್ತು ಮಾತಾಡಿದೆವು. ಜಗಳವೂ ಆಯಿತು. ಅವರು ಕೆಲಸ ಬಿಟ್ಟು ಊರಿನಲ್ಲಿ ಸ್ವಲ್ಪ ಕಾಲ ಇದ್ದು ನೋಡುವುದು, ನಾನು ಇಲ್ಲೇ ಮುಂದುವರಿಯುವುದು ಎಂದು ಕೊನೆಗೆ ಒಪ್ಪಿಕೊಂಡೆವು. ಬೀದಿಯವರು ಏನೆನ್ನುತ್ತಾರೋ ಎಂಬ ಅಂಜಿಕೆ ಇತ್ತು. ಹಾಗೆಯೇ ಆಯಿತು. ನಾವು ಬೇರೆಯಾದೆವೆಂಬ ಸುದ್ದಿ ಕೆರೆಯ ಸುತ್ತ ಒಂದು ಸುತ್ತು ಹಾಕಿ ನನ್ನವರೆಗೂ ಬಂತು. ಈ ಸಲ ಗುಮಾಸ್ತರ ಮನೆಗೆ ನಾನೇ ಹೋಗಿ, ಏನಾಯಿತು ಏನಾಗಲಿಲ್ಲ ಎಂದು ಕುಳಿತು ಹೇಳಿ ಬಂದೆ. ಅವರು ನಂಬಿದರೋ ಇಲ್ಲವೋ ಗೊತ್ತಿಲ್ಲ.

ರಜೆ ಬಂದಾಗ ಗದಗಿಗೆ ಹೋದೆ. ಯಜಮಾನರು ಹಗಲೆಲ್ಲ ತಮ್ಮ ಹಳೇ ಗೆಳೆಯನ ಪಂಪ್‌ಸೆಟ್ ರಿಪೇರಿ ಅಂಗಡಿಯಲ್ಲಿ ಇರುತ್ತಾರೆಂದು ಮೈದುನ ಹೇಳಿದ. ಹುಡುಕಿಕೊಂಡು ಹೊರಟೆ. ಅಂಗಡಿ ಇನ್ನೂ ಒಂದಿಷ್ಟು ದೂರವಿರುವಾಗಲೇ ಒಬ್ಬರು ಏರುದನಿಯಲ್ಲಿ ಏನೋ ಕಥೆ ಹೇಳುತ್ತಿರುವುದು, ಸುತ್ತಲಿನವರು ಬಿದ್ದು ಬಿದ್ದು ನಗುತ್ತಿರುವುದು ಕೇಳಿಸಿತು. ಯಾರೋ ಭಾರಿ ಮಾತುಗಾರನಿದ್ದಾನೆ ಎಂದುಕೊಳ್ಳುತ್ತ ನಡೆದೆ. ಬಾಗಿಲಿಗೆ ಬಂದು ನೋಡಿದರೆ, ನಡುವೆ ಒಂದು ಸ್ಟೂಲಿನ ಮೇಲೆ ಕುಳಿತು, ಕೈ ಬೀಸಿ ಬೀಸಿ ಮಾತಾಡುತ್ತಿದ್ದವರು ನಮ್ಮ ಯಜಮಾನರು. ಆ ದನಿ ಅವರದ್ದೆಂದು ನನಗೆ ಗೊತ್ತಾಗಿರಲಿಲ್ಲ. ಒಳಗೆ ಕಾಲಿಡಲಾಗದೆ, ಬಿಸಿಲಿನಲ್ಲಿ, ಚೀಲ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ.